ಅತಿಥಿಯ ಮಾತು ಮುಗಿಯುವವರೆಗೆ ಕುಳಿತಿರಿ

ಶ್ರೋತೃಗಳೆಲ್ಲರಿಗೂ ನಮಸ್ಕಾರ.

ವಾರಾಂತ್ಯದ ಜಿಲ್ಲಾ ಸಮ್ಮೇಳನಕ್ಕೆ ಹೊರಡಲು ಸಿದ್ಧರಾಗಿರುವ ಲಯನ್ಸ್ ಕ್ಲಬ್ ಸದಸ್ಯರನ್ನೂ ಅವರ ಜೊತೆಗೆ ಹೋಗುವ ಮನೆಯವರನ್ನೂ ಕಣ್ಣ ಮುಂದಿಟ್ಟುಕೊಂಡು ಈ ಕೆಲವು ನಿಮಿಷ ಮಾತನಾಡುತ್ತೇನೆ. ನಾನು ಕಣ್ಣಿನ ವೈದ್ಯ. ಇಂತಹ ಸಮ್ಮೇಳನಗಳಿಗೆ ಕೆಲವು ಸಲ ಅತಿಥಿ ಉಪನ್ಯಾಸಕನಾಗಿಯೂ ಹೆಚ್ಚಿನ ಸಲ ಕೇಳುಗನಾಗಿಯೂ ಹೋಗಿದ್ದೇನೆ. ನಾನು ಹೇಳಬೇಕಾಗಿರುವುದು ಒಂದೇ ಮಾತು: ಅತಿಥಿಯ ಭಾಷಣವನ್ನು ಕೊನೆಯವರೆಗೂ ಕುಳಿತು ಕೇಳಿ, ಅದರಿಂದ ಒಂದು ಕೆಲಸವನ್ನು ಬರೆದುಕೊಂಡು ಊರಿಗೆ ಮರಳಿ.

ಸಮ್ಮೇಳನದ ಕ್ರಮ ನಿಮಗೆ ಗೊತ್ತೇ ಇದೆ. ನೋಂದಣಿ, ಬ್ಯಾಡ್ಜು, ಕೈಚೀಲ, ಧ್ವಜವಂದನೆ, ಲಯನ್ಸ್ ಜಿಲ್ಲೆಯ ಮುಖ್ಯಸ್ಥರಾದ ಗವರ್ನರ್ ಅವರ ವರದಿ, ವರ್ಷದ ಸೇವೆಗೆ ಪ್ರಶಸ್ತಿಗಳು, ನಡುನಡುವೆ ಹಾರ, ಶಾಲು, ಸ್ಮರಣಿಕೆ. ಇವೆಲ್ಲ ಬೇಕು, ವರ್ಷವಿಡೀ ದುಡಿದವರನ್ನು ಗೌರವಿಸದೆ ಸಂಸ್ಥೆ ನಡೆಯುವುದಿಲ್ಲ. ಆದರೆ ಪ್ರತಿಯೊಂದೂ ಹತ್ತು ಹದಿನೈದು ನಿಮಿಷ ತಡವಾಗುತ್ತಾ ಹೋಗಿ, ಹನ್ನೊಂದು ಗಂಟೆಗೆಂದು ಗೊತ್ತಾಗಿದ್ದ ಅತಿಥಿ ಉಪನ್ಯಾಸ ಊಟದ ಹೊತ್ತಿಗೆ ಬಂದು ನಿಲ್ಲುತ್ತದೆ, ಅಷ್ಟರಲ್ಲಿ ಅರ್ಧ ಸಭಾಂಗಣ ಊಟದ ಸಾಲಿನಲ್ಲಿರುತ್ತದೆ. ಇದನ್ನು ಬದಲಾಯಿಸಿ ಎಂದು ನಾನು ಸಂಘಟಕರನ್ನು ಪ್ರತಿ ವರ್ಷವೂ ಕೇಳುತ್ತಿದ್ದೇನೆ, ಈಗಲೂ ಕೇಳುತ್ತೇನೆ.

ಏಕೆಂದರೆ ನಿಮ್ಮ ಸಂಸ್ಥೆ ಇಂದು ಕಣ್ಣಿನ ಕೆಲಸಕ್ಕೆ ಹೆಸರಾಗಿರುವುದೇ ಒಂದು ಅತಿಥಿ ಭಾಷಣದಿಂದ. ಶಿಕಾಗೋದ ಮೆಲ್ವಿನ್ ಜೋನ್ಸ್ 1917ರಲ್ಲಿ ಕಟ್ಟಿದ ಲಯನ್ಸ್ ಸಂಸ್ಥೆಗೆ ಆಗಿನ್ನೂ ಎಂಟೇ ವರ್ಷ. 1925ರ ಜೂನ್ 30ರಂದು ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರಿ ಸರೋವರದ ದಡದ ಸೀಡರ್ ಪಾಯಿಂಟ್ ಎಂಬಲ್ಲಿ ನಡೆದ ಸಮ್ಮೇಳನಕ್ಕೆ ಹೆಲೆನ್ ಕೆಲ್ಲರ್ ಅತಿಥಿಯಾಗಿ ಬಂದರು. 19 ತಿಂಗಳ ಮಗುವಾಗಿದ್ದಾಗ ಕಾಯಿಲೆಯೊಂದರಲ್ಲಿ ದೃಷ್ಟಿ, ಶ್ರವಣ ಎರಡನ್ನೂ ಕಳೆದುಕೊಂಡು, ಅಂಗೈಯ ಮೇಲೆ ಬೆರಳಿನಿಂದ ಅಕ್ಷರ ಮೂಡಿಸಿ ಕಲಿಸಿದ ಗುರು ಆನ್ ಸಲಿವನ್ ಅವರಿಂದ ಭಾಷೆಯನ್ನು ಪಡೆದು, ಕಾಲೇಜು ಪದವಿಯನ್ನೂ ಗಳಿಸಿದ್ದ ಆ ಮಹಿಳೆಗೆ ಮೂರು ದಿನಗಳ ಹಿಂದಷ್ಟೇ 45 ತುಂಬಿತ್ತು. ಅವರು ಮಾಡಿದ್ದು ಚಿಕ್ಕ ಭಾಷಣ. ಅವಕಾಶ ಎಂಬುವಳು ಪ್ರತಿ ಮನೆಯ ಬಾಗಿಲನ್ನೂ ಒಂದೇ ಸಲ ತಟ್ಟುತ್ತಾಳೆ ಎಂಬ ಹಳೆಯ ಕಥೆಯನ್ನು ನೆನಪಿಸಿ, ನಿಮ್ಮ ಬಾಗಿಲು ತಟ್ಟುತ್ತಿರುವ ಅವಕಾಶ ನಾನೇ, ನನ್ನನ್ನು ದತ್ತು ತೆಗೆದುಕೊಳ್ಳಿ ಎಂದರು. ತಡೆಯಬಹುದಾದ ಕುರುಡು ಯಾರಿಗೂ ಬಾರದ, ಕಣ್ಣು ಕಿವಿ ಎರಡೂ ಇಲ್ಲದ ಒಂದು ಮಗುವೂ ಕಲಿಕೆಯಿಲ್ಲದೆ ಉಳಿಯದ ದಿನವನ್ನು ಬೇಗ ತರಲು ನೆರವಾಗಿ ಎಂದು ಕೇಳಿ, ಕತ್ತಲೆಯ ವಿರುದ್ಧದ ಈ ಹೋರಾಟದಲ್ಲಿ ಅಂಧರ ಪರವಾಗಿ ನಿಲ್ಲುವ ವೀರರಾಗುವಿರಾ ಎಂದು ಮಾತು ನಿಲ್ಲಿಸಿದರು. ಗಮನಿಸಿ, ಅವರು ಸೇವೆಯ ಮಹತ್ವವನ್ನು ವರ್ಣಿಸುತ್ತಾ ನಿಲ್ಲಲಿಲ್ಲ. ಒಂದು ಕೆಲಸವನ್ನು ಕೈಗಿತ್ತರು. ಕೇಳಿದವರು ಅದನ್ನು ಹೊತ್ತುಕೊಂಡು ಊರಿಗೆ ಹೋದರು. ಅಂದು ಅವರೆಲ್ಲ ಊಟದ ಸಾಲಿನಲ್ಲಿದ್ದಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಐದು ವರ್ಷಗಳ ನಂತರ, 1930ರಲ್ಲಿ, ಇಲಿನಾಯ್ ರಾಜ್ಯದ ಪಿಯೋರಿಯಾ ನಗರದ ಕ್ಲಬ್ ಸದಸ್ಯರೊಬ್ಬರು, ಅಂಧರೊಬ್ಬರು ಹಿಡಿದಿದ್ದ ಕಪ್ಪು ಕೋಲು ವಾಹನ ಓಡಿಸುವವರಿಗೆ ಕಾಣದೆ ಅವರು ರಸ್ತೆ ದಾಟಲಾಗದೆ ನಿಂತಿದ್ದುದನ್ನು ಕಂಡು, ಕೋಲಿಗೆ ಬಿಳಿ ಬಣ್ಣ ಬಳಿಯೋಣ ಎಂದು ಕ್ಲಬ್ಬಿನ ಮುಂದಿಟ್ಟರು. ನಮ್ಮ ಬಸ್ ನಿಲ್ದಾಣಗಳಲ್ಲಿ ನೀವು ಕಾಣುವ ಬಿಳಿ ಕೋಲನ್ನು ಬಳಕೆಗೆ ತರುವಲ್ಲಿ ಆ ಕ್ಲಬ್ಬಿನ ಪಾಲು ದೊಡ್ಡದು.

ನಮ್ಮಲ್ಲೂ ಇದು ನಡೆಯುತ್ತದೆ. ಮಲೆನಾಡಿನ ಒಂದು ಸಮ್ಮೇಳನದಲ್ಲಿ ನಾನು ಕಣ್ಣಿನ ಪೊರೆಯ ಬಗ್ಗೆ ಮಾತನಾಡಿ ಮುಗಿಸಿದಾಗ, ಸಣ್ಣ ಊರಿನ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಶಾಲಾ ಮೇಷ್ಟ್ರೊಬ್ಬರು ಎದ್ದು ನಿಂತು, "ಡಾಕ್ಟ್ರೇ, ಶಿಬಿರದಲ್ಲಿ ಆಪರೇಷನ್ ಆದ ಅಜ್ಜಿ ಮನೆಗೆ ಬಂದ ಮೇಲೆ ಕಣ್ಣಿಗೆ ಹನಿ ಹಾಕುವವರು ಯಾರು?" ಎಂದು ಕೇಳಿದರು. ಪೊರೆ ತೆಗೆದು ಮಸೂರ ಕೂರಿಸುವುದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗಿನ ಕೆಲಸ, ಆದರೆ ಹನಿಯನ್ನು ವಾರಗಟ್ಟಲೆ ಹಾಕಬೇಕು, ಮರುತಪಾಸಣೆಗೂ ಬರಬೇಕು. ಒಂಟಿ ಮನೆಯ ಅಜ್ಜಿಗೆ ಅದು ಸುಲಭವಲ್ಲ. ಮುಂದಿನ ಶಿಬಿರದಲ್ಲಿ ಆ ಕ್ಲಬ್ಬಿನವರು ಪ್ರತಿ ರೋಗಿಗೂ ಒಬ್ಬ ಸದಸ್ಯರನ್ನು ಗೊತ್ತುಮಾಡಿದರು. ಮರುತಪಾಸಣೆಯ ದಿನ ಅವರೇ ಅಜ್ಜಿಯರನ್ನು ಕೈಹಿಡಿದು ಕರೆತಂದದ್ದನ್ನು ನಾನು ಕಣ್ಣಾರೆ ಕಂಡೆ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದಿದೆ. ನೇತ್ರದಾನದ ಬಗ್ಗೆ ಎರಡೇ ಮಾತು. ಸಾವಿನ ನಂತರ 6 ಗಂಟೆಗಳೊಳಗೆ ಕಣ್ಣುಗಳನ್ನು ಪಡೆಯಬೇಕು. ಕನ್ನಡಕ ಹಾಕುತ್ತಿದ್ದವರೂ ಮಧುಮೇಹಿಗಳೂ ಕೊಡಬಹುದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನಿಮಗೆ ನೆನಪಿದೆ. ಮನೆಯವರು ಆ ದುಃಖದಲ್ಲೂ ತಡಮಾಡದೆ ಒಪ್ಪಿದ್ದರಿಂದ ಅದು ಸಾಧ್ಯವಾಯಿತು. ಈ ಬಾರಿಯ ಸಮ್ಮೇಳನದಲ್ಲಿ ಈ ವಿಷಯದ ಮೇಲೆ ಮಾತನಾಡುವವರಿದ್ದರೆ, ಕೊನೆಯವರೆಗೂ ಕುಳಿತು, ನಿಮ್ಮ ಊರಿಗೆ ಹತ್ತಿರದ ನೇತ್ರ ಬ್ಯಾಂಕ್ ಯಾವುದು, ರಾತ್ರಿ ಹೊತ್ತಿನಲ್ಲಿ ಕರೆ ಮಾಡಿದರೆ ಅಲ್ಲಿ ಯಾರು ಎತ್ತಿಕೊಳ್ಳುತ್ತಾರೆ ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಂಡು ಬನ್ನಿ. ನಮಸ್ಕಾರ.