ಅಜ್ಜನ ಮಳೆ ಪುಸ್ತಕ, ಹಡಗಿನ ಲಾಗ್‌ಬುಕ್

ವೇದಿಕೆಯ ಮೇಲಿರುವ ಹಿರಿಯರಿಗೆ, ನನಗೆ ಪಾಠ ಹೇಳಿದ ಗುರುಗಳಿಗೆ, ಇದೇ ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಜೊತೆ ನೆನೆದು ನಿಂತ ಗೆಳತಿಯರಿಗೆ ನಮಸ್ಕಾರ.

ಕಾಫಿ ತೋಟದ ಹುಡುಗಿ ಕಡಲಿಗೆ ಯಾಕೆ ಹೋದಳು ಎಂದು ಈಗ ಒಳಗೆ ಬರುವಾಗಲೂ ಒಬ್ಬರು ಕೇಳಿದರು. ಉತ್ತರ ನಮ್ಮ ಮನೆ ಅಂಗಳದಲ್ಲೇ ಇದೆ. ಅಲ್ಲೊಂದು ಮಳೆ ಮಾಪಕ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅಜ್ಜ ಅದರ ನೀರನ್ನು ಗಾಜಿನ ಅಳತೆ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, "ಒಂದು ಇಂಚು ಇಪ್ಪತ್ತು ಸೆಂಟ್" ಎಂದು ಗಟ್ಟಿಯಾಗಿ ಹೇಳಿಕೊಂಡೇ ಪುಸ್ತಕದಲ್ಲಿ ಬರೆಯುತ್ತಿದ್ದರು. ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ ಕೆಂಪು ಶಾಯಿ. ಮಳೆ ಬಾರದ ದಿನ ಸೊನ್ನೆ. ಖಾಲಿ ಬಿಟ್ಟರೇನು ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಖಾಲಿ ಅಂದರೆ ನಾನು ನೋಡಲಿಲ್ಲ ಅಂತ ಅರ್ಥ. ಸೊನ್ನೆ ಅಂದರೆ ನೋಡಿದೆ, ಮಳೆ ಇರಲಿಲ್ಲ ಅಂತ" ಎಂದಿದ್ದರು.

ಆ ಮಾತು ಪೂರ್ತಿ ಅರ್ಥವಾಗಿದ್ದು ಅರಬ್ಬೀ ಸಮುದ್ರದ ಮಧ್ಯೆ.

ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದುತ್ತಿದ್ದಾಗ, ಎರಡು ಕೂವೆಮರದ, ಅಂದರೆ ಹಾಯಿ ಕಟ್ಟುವ ಎರಡು ಕಂಬಗಳ, ಒಂದು ಹಾಯಿಹಡಗಿಗೆ ಸ್ವಯಂಸೇವಕಿಯಾಗಿ ಸೇರಿಕೊಂಡೆ. ಫೆಬ್ರವರಿ ತಿಂಗಳು, ಗೋವಾದಿಂದ ಕೊಚ್ಚಿಗೆ, ನೀರಿನ ಮಾದರಿ ತೆಗೆಯುತ್ತಾ 11 ದಿನ. ವಿಜ್ಞಾನ ಮಾಡಲು ಹೋಗಿದ್ದೆ, ಕೈಗೆ ಸಿಕ್ಕಿದ್ದು ಹಗ್ಗ. ನಾಲ್ಕು ಗಂಟೆ ಪಾಳಿ, ಎಂಟು ಗಂಟೆ ಬಿಡುವು. ಆ ಬಿಡುವಿನಲ್ಲೇ ಅಡುಗೆ, ತೊಳೆಯುವುದು, ನಿದ್ದೆ. ಮೊದಲ ಎರಡು ದಿನ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಕೂವೆಮರ ಹತ್ತುವಾಗ ಮಾತ್ರ ಹೆದರಿಕೆಯಾಗಲಿಲ್ಲ. ಒಂದು ಕೈ ಕೆಲಸಕ್ಕೆ, ಒಂದು ಕೈ ಪ್ರಾಣಕ್ಕೆ ಎಂದು ಅಲ್ಲಿ ಹೇಳಿಕೊಟ್ಟರು. ಸಿಲ್ವರ್ ಮರಕ್ಕೆ ಏಣಿ ಒರಗಿಸಿ ಕರಿಮೆಣಸು ಕೊಯ್ಯುವವರನ್ನು ನೋಡುತ್ತಾ ಬೆಳೆದವಳಿಗೆ ಅದು ಹೊಸ ಪಾಠವಲ್ಲ.

ಪ್ರತಿ ಗಂಟೆಗೊಮ್ಮೆ ಲಾಗ್‌ಬುಕ್ ತುಂಬಬೇಕು: ಗಾಳಿಯ ದಿಕ್ಕು, ಅದರ ವೇಗ, ವಾಯುಭಾರ, ನೀರಿನ ಉಷ್ಣತೆ. ಬೆಳಗಿನ ಜಾವ ನಾಲ್ಕಕ್ಕೆ, ಕಣ್ಣು ಎಳೆಯುತ್ತಿರುವಾಗಲೂ. ಬದಲಾವಣೆ ಇಲ್ಲದಿದ್ದರೆ ಇಲ್ಲ ಎಂದೇ ಬರೆಯಬೇಕು.

ಹಗಲಿನಲ್ಲಿ ಸೆಕಿ ತಟ್ಟೆ ಇಳಿಸುವ ಕೆಲಸ. ಇಲ್ಲಿ ಮೇಜಿನ ಮೇಲೆ ತಂದಿಟ್ಟಿದ್ದೇನೆ, ಆಮೇಲೆ ಬಂದು ಕೈಯಲ್ಲಿ ಹಿಡಿದು ನೋಡಿ. 30 ಸೆಂಟಿಮೀಟರ್ ಅಗಲದ ಬಿಳಿ ತಟ್ಟೆ, ನಡುವೆ ಅಳತೆ ಗುರುತಿನ ಹಗ್ಗ, ಕೆಳಗೊಂದು ತೂಕ. ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕಿ 1865ರಲ್ಲಿ ಇಂಥ ತಟ್ಟೆಯಿಂದಲೇ ಕಡಲ ನೀರಿನ ತಿಳಿಯನ್ನು ಅಳೆದರು. ಹಡಗಿನ ನೆರಳು ಬೀಳುವ ಬದಿಯಲ್ಲಿ ನಿಂತು ಇಳಿಸುತ್ತಾ ಹೋಗಬೇಕು. ಬಿಳಿ ಹಸಿರಾಗುತ್ತದೆ, ಹಸಿರು ಮಸುಕಾಗುತ್ತದೆ, ಆಮೇಲೆ ಇಲ್ಲ. ಮೇಲೆತ್ತುವಾಗ ಮತ್ತೆ ಕಾಣುತ್ತದೆ. ಎರಡರ ಸರಾಸರಿಯೇ ಅಳತೆ. ನೀರಿನಲ್ಲಿ ಸಸ್ಯಪ್ಲವಕ, ಅಂದರೆ ತೇಲುವ ಸೂಕ್ಷ್ಮ ಸಸ್ಯಜೀವಿಗಳು, ಅಥವಾ ಮಣ್ಣು ಹೆಚ್ಚಿದ್ದಷ್ಟೂ ತಟ್ಟೆ ಬೇಗ ಮರೆಯಾಗುತ್ತದೆ.

ಮೂರನೇ ದಿನ ನಾನು 18 ಮೀಟರ್ ಎಂದು ಬರೆದೆ. ಪಕ್ಕದಲ್ಲಿದ್ದ ತಾಂಡೇಲರು, ಅಂದರೆ ನಾವಿಕರ ಮುಖ್ಯಸ್ಥರು, ಗಂಗೊಳ್ಳಿ ಕಡೆಯವರು. ಹಗ್ಗವನ್ನೇ ನೋಡುತ್ತಿದ್ದರು. "ಹಗ್ಗ ಓರೆ ಆಯ್ತ್ ಹೆಣೆ, ಅಳತಿ ತಪ್ಪತ್" ಎಂದರು. ಗಾಳಿ ಹಡಗನ್ನು ಬದಿಗೆ ತಳ್ಳುತ್ತಿತ್ತು. 18 ಮೀಟರ್ ಹಗ್ಗ ಇಳಿದಿದ್ದು ನಿಜ, ತಟ್ಟೆ ಅಷ್ಟು ಆಳದಲ್ಲಿ ಇರಲಿಲ್ಲ. ನಾನು ರಬ್ಬರ್ ಹುಡುಕಿದೆ, ಅವರು ಬಿಡಲಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಅದು ಓದಲು ಸಿಗುವಂತೆ ಉಳಿಸಿ, ಪಕ್ಕದಲ್ಲಿ ಸರಿ ಅಳತೆ ಬರೆದು ಸಹಿ ಹಾಕಿಸಿದರು. ಶಾಲೆ ಮೆಟ್ಟಿಲನ್ನು ಹೆಚ್ಚು ಹತ್ತದ ಆ ಹಿರಿಯರಿಗೆ ನಾನು ಇವತ್ತಿಗೂ ಋಣಿ.

ಇಂಥ ಪುಸ್ತಕಗಳಿಂದಲೇ ಕಡಲ ವಿಜ್ಞಾನ ಹುಟ್ಟಿದ್ದು. ಅಮೆರಿಕ ನೌಕಾಪಡೆಯ ಮ್ಯಾಥ್ಯೂ ಮೌರಿ ಮೂಲೆಗೆ ಬಿದ್ದಿದ್ದ ಹಳೆಯ ಲಾಗ್‌ಬುಕ್‌ಗಳನ್ನು ಒಟ್ಟುಮಾಡಿ, 1847ರಿಂದ ಗಾಳಿ ಮತ್ತು ಪ್ರವಾಹಗಳ ನಕ್ಷೆಗಳನ್ನು ಪ್ರಕಟಿಸಿದರು. 1853ರಲ್ಲಿ ಬ್ರಸೆಲ್ಸ್‌ನಲ್ಲಿ ಹಲವು ದೇಶಗಳು ಸೇರಿ, ಹಡಗುಗಳೆಲ್ಲ ಒಂದೇ ಕ್ರಮದಲ್ಲಿ ಹವಾಮಾನ ಬರೆದಿಡಬೇಕೆಂದು ಒಪ್ಪಿಕೊಂಡವು. ಆ ಲಾಗ್‌ಬುಕ್‌ಗಳನ್ನು ಬರೆದವರು ವಿಜ್ಞಾನಿಗಳಲ್ಲ, ಪಾಳಿ ಮುಗಿಸಿ ಮಲಗಲು ಕಾಯುತ್ತಿದ್ದ ನಾವಿಕರು.

ಒಂದು ಬೆಳಿಗ್ಗೆ ನೀರಿನ ಮೇಲೆ ಕಂದು ಪಟ್ಟೆಗಳು, ಸಾಮಿಲ್ಲಿನ ಹೊಟ್ಟು ಚೆಲ್ಲಿದ ಹಾಗೆ. ಬಕೆಟ್ಟಿನಲ್ಲಿ ಎತ್ತಿ ನೋಡಿದರೆ ಎಳೆಎಳೆಯಾದ ಸಣ್ಣ ಕಟ್ಟುಗಳು. ಟ್ರೈಕೋಡೆಸ್ಮಿಯಂ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕಡಲಿನಲ್ಲಿ ಕಾಣಿಸಿಕೊಳ್ಳುವ ಸೂಕ್ಷ್ಮಜೀವಿ. ಗಾಳಿಯ ಸಾರಜನಕವನ್ನು ಹಿಡಿದು ಕಡಲಿಗೆ ಗೊಬ್ಬರವಾಗಿಸುತ್ತದೆ. ನಮ್ಮ ತೋಟಗಳಲ್ಲಿ ನೆರಳಿಗೆಂದು ನೆಡುವ ಹಾಲವಾಣ, ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾದಿಂದ ಮಾಡಿಸಿಕೊಳ್ಳುವುದೂ ಇದೇ ಕೆಲಸ. ಸೂಕ್ಷ್ಮದರ್ಶಕದ ಮುಂದೆ ಕೂತು ಮನೆಯ ನೆನಪಾಗಿ ಕಣ್ಣು ತುಂಬಿತು.

ಅಜ್ಜನ ಲೋಟಕ್ಕೆ ಬೀಳುವ ಮುಂಗಾರು ಈ ಕಡಲಿನ ಮೇಲೆಯೇ ಹಾದು ಬರುತ್ತದೆ. ನಮ್ಮ ನೀರೆಲ್ಲವೂ ಕಾವೇರಿ ಸೇರಿ ಪೂರ್ವಕ್ಕೆ ಹೋಗುವುದಿಲ್ಲ. ಬರಪೊಳೆ ಕಣ್ಣೂರಿನ ಕಡೆ ಇಳಿಯುತ್ತದೆ, ಪಯಸ್ವಿನಿ ಕಾಸರಗೋಡಿನ ಹತ್ತಿರ ಚಂದ್ರಗಿರಿಯಾಗಿ ಕಡಲು ಮುಟ್ಟುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದಾಗ ಹರಿದ ಕೆಂಪು ನೀರು ಪಯಸ್ವಿನಿಯ ದಾರಿಯದು. ಅಳಿವೆಯಲ್ಲಿ ಯಾರಾದರೂ ದಿನವೂ ಒಂದು ಬಿಳಿ ತಟ್ಟೆ ಇಳಿಸಿ ಬರೆದಿಟ್ಟಿದ್ದರೆ, ನಮ್ಮ ಮಣ್ಣು ಅಲ್ಲಿ ಎಷ್ಟು ದಿನ ನೀರನ್ನು ಕದಡಿತ್ತೆಂದು ಇವತ್ತು ಹೇಳಬಹುದಿತ್ತು.

ಅಜ್ಜ ಈಗಿಲ್ಲ. ಪುಸ್ತಕಗಳಿವೆ, ನಾನೂ ಅಪ್ಪನೂ ಒಂದೊಂದೇ ಪುಟದ ಫೋಟೊ ತೆಗೆಯುತ್ತಿದ್ದೇವೆ. ನಿಮ್ಮ ಮನೆಯ ಅಟ್ಟದಲ್ಲೂ ಮಳೆ ಪುಸ್ತಕ ಇರಬಹುದು. ಗೆದ್ದಲು ಹಿಡಿಯುವ ಮೊದಲು ಕೆಳಗಿಳಿಸಿ, ನನಗೆ ತಿಳಿಸಿ, ನಾನೇ ಬಂದು ಫೋಟೊ ತೆಗೆದುಕೊಳ್ಳುತ್ತೇನೆ. ಬರೀ ಸೊನ್ನೆಗಳೇ ಇರುವ ಜನವರಿಯ ಪುಟಗಳೂ ನನಗೆ ಬೇಕು.