ಬ್ಯಾಂಕ್ ಆಫ್ ಇಂಗ್ಲೆಂಡಿನ ಮೊದಲ ಗವರ್ನರ್, ಊರು ಬಿಟ್ಟು ಬಂದವರ ಮನೆಯ ಮಗ

(ಪರದೆಯ ಮೇಲೆ: ಹಳೆಯ 50 ಪೌಂಡ್ ನೋಟಿನ ಹಿಂಬದಿ)

ಈ ನೋಟನ್ನು ಸ್ವಲ್ಪ ಹತ್ತಿರದಿಂದ ನೋಡಿ. ತಲೆ ತುಂಬ ಗುಂಗುರು ಕೂದಲಿನ ಒಬ್ಬರು. ಪಕ್ಕದಲ್ಲಿ ಅವರ ಮನೆ. ಜೊತೆಗೆ ಬ್ಯಾಂಕಿನ ಬಾಗಿಲು ಕಾಯುವವನೂ ಇದ್ದಾನೆ. 1994ರಲ್ಲಿ ಬಂದ ಈ ನೋಟು 2014ರವರೆಗೆ ಚಲಾವಣೆಯಲ್ಲಿತ್ತು. ಇದರ ಮೇಲಿರುವವರು ಸರ್ ಜಾನ್ ಹೂಬ್ಲಾನ್.

ಹೂಬ್ಲಾನ್! ಇಂಗ್ಲಿಷರ ಹೆಸರಿನ ಹಾಗೆ ಕೇಳಿಸುವುದಿಲ್ಲ, ಅಲ್ವಾ? ಮನೆತನದ ಮೂಲ ಲಿಲ್ ಪಟ್ಟಣ, ಈಗ ಅದು ಫ್ರಾನ್ಸಿನಲ್ಲಿದೆ. 16ನೇ ಶತಮಾನದಲ್ಲಿ ಅಲ್ಲಿ ಕ್ಯಾಥೊಲಿಕ್ ಪಂಥದ ಸ್ಪೇನ್ ದೊರೆಯ ಆಳ್ವಿಕೆ. ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಕ್ರೈಸ್ತರಿಗೆ, ಅಂದರೆ ಪ್ರಾಟೆಸ್ಟೆಂಟರಿಗೆ, ಉಳಿಗಾಲವಿರಲಿಲ್ಲ. ಹೂಬ್ಲಾನರು ಊರು ಬಿಟ್ಟು ಲಂಡನ್ ಸೇರಿದರು. ಇಂಥ ಫ್ರೆಂಚ್ ಮಾತಿನ ಪ್ರಾಟೆಸ್ಟೆಂಟರನ್ನು ಹ್ಯೂಗೆನಾಟರು ಎನ್ನುತ್ತಾರೆ. ಜಾನ್ ಹುಟ್ಟಿದ್ದು 1632ರಲ್ಲಿ. ಅಪ್ಪ ವ್ಯಾಪಾರಿ, ಅಣ್ಣತಮ್ಮಂದಿರೂ ವ್ಯಾಪಾರಿಗಳೇ.

(ಪರದೆಯ ಮೇಲೆ: 1694)

ಇಂಗ್ಲೆಂಡಿಗೂ ಫ್ರಾನ್ಸಿನ ದೊರೆ 14ನೇ ಲೂಯಿಗೂ ಯುದ್ಧ. ಖಜಾನೆ ಬರಿದು. ಸಾಲ ಕೇಳೋಣವೆಂದರೆ ರಾಜರ ಮಾತನ್ನು ಯಾರು ನಂಬಬೇಕು? 1672ರಲ್ಲಿ ಇಂಗ್ಲೆಂಡಿನ ರಾಜ 2ನೇ ಚಾರ್ಲ್ಸ್ ಸಾಲ ತೀರಿಸುವುದನ್ನೇ ನಿಲ್ಲಿಸಿದ್ದ. ಆಗ ಬ್ಯಾಂಕಿನ ವ್ಯವಹಾರವನ್ನೂ ಮಾಡುತ್ತಿದ್ದ, ರಾಜನಿಗೆ ದುಡ್ಡು ಕೊಟ್ಟಿದ್ದ ಅಕ್ಕಸಾಲಿಗರು ಕೈಸುಟ್ಟುಕೊಂಡಿದ್ದರು.

ಅದಕ್ಕೆ ಹೊಸ ದಾರಿ ಹುಡುಕಿದರು. ಜನ ಷೇರು ಹಾಕಿ ಒಂದು ಬ್ಯಾಂಕ್ ಕಟ್ಟುವುದು, ಆ ಬ್ಯಾಂಕ್ ಸರ್ಕಾರಕ್ಕೆ 12 ಲಕ್ಷ ಪೌಂಡ್ ಸಾಲ ಕೊಡುವುದು. ಬಡ್ಡಿ ನೂರಕ್ಕೆ 8. ಆ ಬಡ್ಡಿಗೆಂದು ಪಾರ್ಲಿಮೆಂಟೇ ತೆರಿಗೆಯ ಹಣವನ್ನು ತೆಗೆದಿಟ್ಟಿತು. ಎರಡು ವಾರ ತುಂಬುವುದರೊಳಗೆ ಅಷ್ಟೂ ಷೇರು ಖಾಲಿ! ಅದೇ ಬ್ಯಾಂಕ್ ಆಫ್ ಇಂಗ್ಲೆಂಡ್. ಗವರ್ನರ್ ಆಗಿ ಆಯ್ಕೆಯಾದವರು ಹೂಬ್ಲಾನ್.

ನನ್ನನ್ನು ತುಂಬ ಕಾಡುವುದು ಒಂದು ವಿಷಯ. 1667ರಲ್ಲಿ ಲಿಲ್ ಪಟ್ಟಣವನ್ನು ಗೆದ್ದುಕೊಂಡವನು ಇದೇ 14ನೇ ಲೂಯಿ. 1685ರಲ್ಲಿ ಫ್ರಾನ್ಸಿನ ಹ್ಯೂಗೆನಾಟರ ಹಕ್ಕುಗಳನ್ನು ಕಿತ್ತುಕೊಂಡವನೂ ಅವನೇ. ಈಗ ಅವನ ವಿರುದ್ಧ ನಿಂತ ಸೇನೆಗೆ ದುಡ್ಡು ಹೊಂದಿಸುವ ಬ್ಯಾಂಕಿನ ತಲೆಯಾಳು, ಹಿರಿಯರ ಕಾಲದಲ್ಲಿ ಲಿಲ್ ಬಿಟ್ಟುಬಂದ ಮನೆಯವರು.

ಕೆಲಸ ಸುಲಭದ್ದಾಗಿರಲಿಲ್ಲ. 1695ರಲ್ಲಿ ಡೆಪ್ಯುಟಿ ಗವರ್ನರ್ ಮೈಕೆಲ್ ಗಾಡ್‌ಫ್ರಿ ಇದೇ ಯುದ್ಧದಲ್ಲಿ ಮುತ್ತಿಗೆಗೆ ಒಳಗಾಗಿದ್ದ ನಮೂರ್ ಪಟ್ಟಣದ ಬಳಿಗೆ ಇಂಗ್ಲೆಂಡಿನ ರಾಜನನ್ನು ಕಾಣಲು ಹೋಗಿ ಫಿರಂಗಿ ಗುಂಡಿಗೆ ಬಲಿಯಾದರು. ಮರುವರ್ಷ ಇನ್ನೊಂದು ಪೆಟ್ಟು. ಅಂಚು ಕತ್ತರಿಸಿ ಸವೆಸಿದ್ದ ಹಳೆ ಬೆಳ್ಳಿ ನಾಣ್ಯಗಳನ್ನು ಸರ್ಕಾರ ವಾಪಸ್ ಪಡೆಯಿತು, ಹೊಸವು ಸಾಕಷ್ಟು ತಯಾರಾಗಿರಲಿಲ್ಲ. ಬ್ಯಾಂಕಿನ ನೋಟು ಎಂದರೆ ಕೇಳಿದಾಗ ನಾಣ್ಯ ಕೊಡುತ್ತೇವೆಂಬ ಭರವಸೆ, ಆದರೆ ನೋಟು ಹಿಡಿದು ಬಂದವರಿಗೆ ಕೊಡಲು ಬ್ಯಾಂಕಿನಲ್ಲಿ ನಾಣ್ಯವೇ ಸಾಲಲಿಲ್ಲ. ಕಂತುಕಂತಾಗಿ ಕೊಟ್ಟು ಹೇಗೋ ಉಳಿದುಕೊಂಡರು. ಅದೇ ಹೊತ್ತಿಗೆ ಹೂಬ್ಲಾನ್ ಲಂಡನ್ನಿನ ಲಾರ್ಡ್ ಮೇಯರ್ ಕೂಡ ಆಗಿದ್ದರು!

1697ರಲ್ಲಿ ಗವರ್ನರ್ ಹುದ್ದೆ ಬಿಟ್ಟರು, 1712ರಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಬ್ಯಾಂಕಿಗೆ ಸ್ವಂತ ಕಟ್ಟಡವಿರಲಿಲ್ಲ. 1734ರಲ್ಲಿ ಥ್ರೆಡ್‌ನೀಡಲ್ ಬೀದಿಯಲ್ಲಿ ಕಟ್ಟಡ ಎದ್ದಿತು.

(ಪರದೆಯ ಮೇಲೆ: ಮತ್ತೆ ಅದೇ ನೋಟು, ಮನೆಯ ಚಿತ್ರ ದೊಡ್ಡದಾಗಿ)

ಎದ್ದಿದ್ದು ಈ ಮನೆ ಇದ್ದ ಜಾಗದಲ್ಲೇ.