ಮನೆಯ ಬೆಲೆ, ಸರ್ಕಾರದ ವೆಚ್ಚ: ಅಂಕಿ ಹುಟ್ಟುವ ಕಾಗದ

ಸ್ನೇಹಿತರೇ, ಬೆಂಗಳೂರಿನಲ್ಲಿ ಮನೆ ಬೆಲೆ ಶೇಕಡಾ ಇಷ್ಟು ಏರಿತು ಎಂದು ಓದುತ್ತೇವೆ. ವಸತಿಗೆ ಸರ್ಕಾರ ಇಷ್ಟು ಕೋಟಿ ಖರ್ಚು ಮಾಡಿತು ಎಂದೂ ಓದುತ್ತೇವೆ. ಈ ಅಂಕಿಗಳು ಯಾವ ಕಚೇರಿಯ ಯಾವ ಕಾಗದದಿಂದ ಹುಟ್ಟುತ್ತವೆ ಎಂಬುದನ್ನು ತಿಳಿದೇ ಅವುಗಳ ಮೇಲೆ ವಾದ ಮಾಡಬೇಕೆಂಬುದು ನನ್ನ ಆಗ್ರಹ.

ಮೊದಲು ಬೆಲೆ. ರಿಸರ್ವ್ ಬ್ಯಾಂಕು ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಮನೆ ಬೆಲೆ ಸೂಚ್ಯಂಕಕ್ಕೆ ನೋಂದಣಿ ಕಚೇರಿಗಳ ದಾಖಲೆಯೇ ಮೂಲ. 2007ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಆರಂಭಿಸಿದ ರೆಸಿಡೆಕ್ಸ್ ಸೂಚ್ಯಂಕಗಳಲ್ಲಿ ಒಂದು, ಸಾಲ ಕೊಡುವ ಮುನ್ನ ಬ್ಯಾಂಕುಗಳು ಮಾಡಿಸುವ ಮೌಲ್ಯಮಾಪನವನ್ನು ಆಧರಿಸಿದೆ. ಹೀಗಾಗಿ ಒಂದೇ ಫ್ಲ್ಯಾಟಿಗೆ ಕ್ರಯಪತ್ರದಲ್ಲಿ ಒಂದು ಬೆಲೆ, ಬ್ಯಾಂಕಿನ ಕಡತದಲ್ಲಿ ಇನ್ನೊಂದು ಬೆಲೆ ಇರಬಹುದು. ಇನ್ನು, ಮಾರಾಟವಾದ ಎಲ್ಲ ಮನೆಗಳ ಸರಾಸರಿ ತೆಗೆದರೆ ಸಾಲದೇ ಎಂದು ಕೇಳಬಹುದು. ಸಾಲದು. ಒಂದು ತ್ರೈಮಾಸಿಕದಲ್ಲಿ ವೈಟ್‌ಫೀಲ್ಡಿನ ದೊಡ್ಡ ವಿಲ್ಲಾಗಳು ಹೆಚ್ಚು ಮಾರಾಟವಾದರೆ, ಯಾವ ಮನೆಯ ಬೆಲೆಯೂ ಒಂದು ರೂಪಾಯಿ ಏರದಿದ್ದರೂ ಸರಾಸರಿ ಜಿಗಿಯುತ್ತದೆ. ಆದ್ದರಿಂದಲೇ ಮನೆಗಳನ್ನು ವಿಸ್ತೀರ್ಣದ ಪ್ರಕಾರ ವಿಂಗಡಿಸಿ, ಚದರ ಮೀಟರಿನ ಬೆಲೆ ಹಿಡಿದು, ಪ್ರತಿ ಗುಂಪಿಗೂ ತೂಕ (ಒಟ್ಟು ಲೆಕ್ಕದಲ್ಲಿ ಅದರ ಪಾಲು) ಕೊಟ್ಟು ಲೆಕ್ಕ ಹಾಕುತ್ತಾರೆ.

ನಿಜವಾದ ತೊಡಕು ಇರುವುದು ಉಪನೋಂದಣಾಧಿಕಾರಿಯ ಮೇಜಿನ ಮೇಲೆ. ಮುದ್ರಾಂಕ ಶುಲ್ಕ ಉಳಿಸಲು ಕೈಗೆ ಬಂದ ಹಣವನ್ನು ಪೂರ್ತಿ ತೋರಿಸದೆ, ನೋಂದಣಿಗೆ ಸರ್ಕಾರ ನಿಗದಿ ಮಾಡುವ ಕನಿಷ್ಠ ದರದ, ಅಂದರೆ ಮಾರ್ಗಸೂಚಿ ದರದ, ಆಸುಪಾಸಿನ ಮೊತ್ತವನ್ನೇ ಕ್ರಯಪತ್ರದಲ್ಲಿ ಬರೆಸುವ ರೂಢಿ ನಮ್ಮಲ್ಲಿದೆ. 2023ರ ಅಕ್ಟೋಬರ್ 1ರಂದು ಕರ್ನಾಟಕ ಆ ದರಗಳನ್ನು ಪರಿಷ್ಕರಿಸಿತು. ಹಾಗೆ ಪರಿಷ್ಕರಿಸಿದಾಗಲೆಲ್ಲ ಪೇಟೆ ಕದಲದಿದ್ದರೂ ಕಾಗದದ ಬೆಲೆ ಮೇಲೇರಬಹುದು. ನೋಂದಣಿಯ ಅಂಕಿ ಓದುವವರು ಇದನ್ನು ಮರೆಯಬಾರದು.

ಪ್ರಾಸಂಗಿಕವಾಗಿ ಒಂದು ಮಾತು: ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಲೆಕ್ಕಕ್ಕೆ ಬರುವುದು ಬಾಡಿಗೆಯೇ ಹೊರತು ಮನೆಯ ಕ್ರಯವಲ್ಲ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಸರಣಿಯ ಒಟ್ಟು ಸೂಚ್ಯಂಕದಲ್ಲಿ ವಸತಿಯ ತೂಕ ಶೇ 10.07 ಇತ್ತು, ಹಳ್ಳಿಗಳ ಸೂಚ್ಯಂಕದಲ್ಲಂತೂ ಅದು ಇರಲೇ ಇಲ್ಲ.

ಈಗ ವೆಚ್ಚ. ಖಜಾನೆಗೆ ಬರುವ ಪ್ರತಿ ಬಿಲ್ಲಿನ ಮೇಲೂ ಲೆಕ್ಕಶೀರ್ಷಿಕೆಯ, ಅಂದರೆ ಹಣ ಯಾವ ಬಾಬ್ತಿಗೆ ಹೋಯಿತೆಂದು ಹೇಳುವ, ಸಂಖ್ಯೆ ಇರುತ್ತದೆ. 2216 ಎಂದರೆ ವಸತಿಯ ರಾಜಸ್ವ ವೆಚ್ಚ (ಅನುದಾನ, ನಿರ್ವಹಣೆಯಂಥ ಖರ್ಚು), 4216 ಎಂದರೆ ಬಂಡವಾಳ ವೆಚ್ಚ (ಆಸ್ತಿ ಕಟ್ಟುವ ಖರ್ಚು), 6216 ಎಂದರೆ ವಸತಿಗಾಗಿ ಕೊಟ್ಟ ಸಾಲ. ಮೊದಲ ಅಂಕಿಯೊಂದೇ ಹಣದ ಸ್ವರೂಪವನ್ನು ಹೇಳಿಬಿಡುತ್ತದೆ. ಈ ಬಿಲ್ಲುಗಳೇ ಮಹಾಲೇಖಪಾಲರ ಕಚೇರಿಯಲ್ಲಿ ಒಟ್ಟುಗೂಡಿ ರಾಜ್ಯದ ಲೆಕ್ಕಪತ್ರವಾಗುತ್ತವೆ. ಬಜೆಟ್ ಪುಸ್ತಕದಲ್ಲಿ ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ಲೆಕ್ಕ ಎಂಬ ಬೇರೆ ಬೇರೆ ಕಾಲಂಗಳಿರುತ್ತವೆ. ನಿಜಕ್ಕೂ ಖರ್ಚಾದದ್ದು ‘ಲೆಕ್ಕ’ ಎಂಬ ಕಾಲಂನಲ್ಲಿ ಮಾತ್ರ, ಅದೂ ಎರಡು ವರ್ಷ ಹಿಂದಿನದು. ಹೊಸ ವರ್ಷದ ಅಂದಾಜನ್ನು ಹಳೆಯ ವರ್ಷದ ಲೆಕ್ಕದ ಪಕ್ಕ ಇಟ್ಟು ಇಷ್ಟು ಹೆಚ್ಚಳ ಎಂದು ಹೇಳುವವರನ್ನು ದಯವಿಟ್ಟು ತಡೆದು ಪ್ರಶ್ನಿಸಿ.

ಇಲ್ಲಿಯೂ ಕಾಗದಕ್ಕೂ ಮನೆಗೂ ನಡುವೆ ಅಂತರವಿದೆ. ಇಲಾಖೆಯು ನಿಗಮವೊಂದಕ್ಕೆ ಅನುದಾನ ಬಿಡುಗಡೆ ಮಾಡಿದ ದಿನವೇ ಖಜಾನೆಯ ಮಟ್ಟಿಗೆ ಅದು ವೆಚ್ಚ. ಫಲಾನುಭವಿಗೆ ಕಂತು ಸಿಗುವುದು ತಳಪಾಯ, ಗೋಡೆ, ಚಾವಣಿ ಎಂದು ಹಂತ ಮುಗಿದಂತೆಲ್ಲ. ಮಾರ್ಚ್ 31ರ ಲೆಕ್ಕದಲ್ಲಿ ಆ ಹಣ ಖರ್ಚಾಗಿ ಹೋಗಿರುತ್ತದೆ. ಮನೆ ಮಾತ್ರ ಇನ್ನೂ ತಳಪಾಯದಲ್ಲೇ ಇರಬಹುದು.